ಸಹಿ ಹಾಕುವ ಮೊದಲು ಮೊಣಕಾಲಿಗೆ ಯಾರು ಹೊಣೆ ಅಂತ ಕೇಳಿ

ಅಕ್ಕ, ಧಾರವಾಡ: ನಮ್ಮ ಮನೆಯವರ ಗ್ರೂಪಿಗೆ ನಾನು ಹಾಕಿದ ಪೋಸ್ಟರ್ ನೋಡಿ ಎಲ್ಲರೂ. ಹುಬ್ಬಳ್ಳಿಯಲ್ಲಿ ಹೊಸ ಅರೆ ವೃತ್ತಿಪರ ರಗ್ಬಿ ತಂಡ ಕಟ್ಟುತ್ತಿದ್ದಾರೆ. ವಾರಕ್ಕೆ ಮೂರು ಸಂಜೆ ಪ್ರಾಕ್ಟೀಸ್, ಪಂದ್ಯಕ್ಕೆ ಇಷ್ಟು ಅಂತ ದುಡ್ಡು. ನಮ್ಮ ಹುಡುಗನನ್ನ ತಗೊಂಡಿದ್ದಾರೆ. ಸೋಮವಾರ ಸಹಿ ಹಾಕಬೇಕಂತೆ.

ಕಾಕಾ, ಗದಗ: ಬೇಡ. ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. ಪರ್ಮನೆಂಟ್ ಆಗುವ ಹೊತ್ತಿಗೆ ಕೈಕಾಲು ಮುರಿದುಕೊಳ್ಳಬೇಕಾ?

ಚಿಗವ್ವ, ಹಾವೇರಿ: 2025ರ ಜೂನ್‌ನಲ್ಲಿ ಟಿವಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಬಂತಲ್ಲ, ಮುಂಬೈಯಲ್ಲಿ ಆಡಿದರು, ಆರು ತಂಡ, ಬೆಂಗಳೂರಿನದೂ ಇತ್ತು, ಚೆನ್ನೈ ಗೆದ್ದಿತು. ನಾನು ನೋಡಿದ್ದೇನೆ. ಚೆಂದ ಇತ್ತು. ಹೋಗಲಿ ಬಿಡಿ.

ಮಾಮಾ, ಹುಬ್ಬಳ್ಳಿ: ಚಿಗವ್ವ, ನೀವು ನೋಡಿದ್ದು ಏಳು ಜನರ ಆಟ. ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಓಟವೇ ಜಾಸ್ತಿ. ಈ ಪೋಸ್ಟರಿನಲ್ಲಿ ಇರುವುದು ರಗ್ಬಿ ಯೂನಿಯನ್ನಿನ ಪೂರ್ತಿ ಆಟ, ತಂಡಕ್ಕೆ ಹದಿನೈದು ಜನ, 80 ನಿಮಿಷ. ಸ್ಕ್ರಮ್ ಅಂತ ಬರುತ್ತದೆ, ಈ ಕಡೆ ಎಂಟು, ಆ ಕಡೆ ಎಂಟು, ತಲೆ ತಗ್ಗಿಸಿ ಭುಜಕ್ಕೆ ಭುಜ ಕೊಟ್ಟು ತಳ್ಳುವುದು. ಮುಂದಿನ ಸಾಲಿನವನ ಕುತ್ತಿಗೆ ಮೇಲೆ ಬೀಳುವ ಭಾರ ಬೇರೆಯೇ. ಎರಡನ್ನೂ ಒಂದೇ ಅಂದುಕೊಂಡು ತೀರ್ಮಾನ ಮಾಡಬೇಡಿ.

ಕಾಕಾ, ಗದಗ: ಅದನ್ನೇ ಹೇಳಿದ್ದು ನಾನು. ನಮ್ಮ ನೆಲದ ಆಟವೂ ಅಲ್ಲ ಅದು. ಅಷ್ಟು ಹುಮ್ಮಸ್ಸಿದ್ದರೆ ಗರಡಿಗೆ ಹೋಗಲಿ.

ಚಿಗವ್ವ, ಹಾವೇರಿ: ಕ್ರಿಕೆಟ್ ಯಾರ ನೆಲದ್ದು ಕಾಕಾ?

ಮಾಮಾ, ಹುಬ್ಬಳ್ಳಿ: ನೆಲದ ಮಾತು ಬಂತು ಅಂತ ಹೇಳುತ್ತೇನೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಇವತ್ತಿಗೂ ಆಡುವುದು ಕಲ್ಕತ್ತಾ ಕಪ್‌ಗೆ. ನಮ್ಮ ಕಲ್ಕತ್ತಾದ ರಗ್ಬಿ ಕ್ಲಬ್ 1878ರಲ್ಲಿ ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿಸಿದ ಕಪ್ ಅದು, ಹಿಡಿಕೆಗೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ಕ್ಲಬ್ ಹೋಯಿತು, ಕಪ್ ಉಳಿಯಿತು. ನನಗೆ ಭಯ ಇರುವುದೂ ಅಲ್ಲೇ. ಹೊಸ ತಂಡ ಎಷ್ಟು ವರ್ಷ ಇರುತ್ತದೆ? ಸ್ಕಾಟ್ಲೆಂಡಿನಲ್ಲಿ ಅಲ್ಲಿನ ರಗ್ಬಿ ಸಂಸ್ಥೆಯೇ 2019ರಲ್ಲಿ ಆರು ಅರೆ ವೃತ್ತಿಪರ ತಂಡಗಳ ಲೀಗ್ ಶುರು ಮಾಡಿತ್ತು, 2024ಕ್ಕೆ ನಿಲ್ಲಿಸಿಬಿಟ್ಟರು. ಇನ್ನೊಂದು ಕಡೆ ಫಿಜಿಯವರು 2017ರಲ್ಲಿ ದ್ರುವಾ ಅಂತ ತಂಡ ಕಟ್ಟಿ ಆಸ್ಟ್ರೇಲಿಯಾದ ಟೂರ್ನಿಗೆ ಇಳಿದರು, ಮರುವರ್ಷವೇ ಗೆದ್ದರು, 2022ರಿಂದ ಸೂಪರ್ ರಗ್ಬಿ ಅನ್ನುವ ದೊಡ್ಡ ಟೂರ್ನಿಯಲ್ಲಿ ಆಡುತ್ತಿದ್ದಾರೆ. ಫಿಜಿಯಲ್ಲಿ ಹಳ್ಳಿ ಹಳ್ಳಿಯಲ್ಲಿ ಆಟ ಇದೆ, ಅದಕ್ಕೆ ನಿಂತಿತು. ನಮ್ಮಲ್ಲಿ ಇನ್ನೂ ಒಂದು ಶಾಲೆಯಲ್ಲಾದರೂ ಕಲಿಸುತ್ತಾರಾ ಅಂತ ಆ ತಂಡದವರನ್ನ ಕೇಳಬೇಕು.

ಅಕ್ಕ, ಧಾರವಾಡ: ಹಾಗಾದರೆ ಬೇಡ ಅಂತೀಯಾ?

ಮಾಮಾ, ಹುಬ್ಬಳ್ಳಿ: ಬೇಡ ಅನ್ನುವುದಿಲ್ಲ. ಅರೆ ವೃತ್ತಿಪರ ಅಂದರೆ ಕೆಲಸ ಬಿಡದೆ ಆಡುವುದು, ಕೆಲಸ ಬಿಡಬಾರದು ಅಷ್ಟೇ.

ಕಾಕಾ, ಗದಗ: ನಿನ್ನ ಮೊಣಕಾಲು ಮರೆತೆಯಾ?

ಮಾಮಾ, ಹುಬ್ಬಳ್ಳಿ: ಹೇಗೆ ಮರೆಯಲಿ ಕಾಕಾ. ಕಬಡ್ಡಿ ಟೂರ್ನಿ, ಎದುರಾಳಿ ನನ್ನ ಪಾದ ಹಿಡಿದ, ಮೈ ಒಂದು ಕಡೆ ತಿರುಗಿತು, ಮಂಡಿ ತಿರುಗಲಿಲ್ಲ. ಒಳಗೆ ಟಪ್ ಅಂದಿದ್ದು ಈಗಲೂ ಕೇಳಿಸುತ್ತದೆ. ಆಡಿಸಿದವರು ಒಂದು ಶಾಲು ಹೊದಿಸಿ ಬಸ್ಸಿಗೆ ಹತ್ತಿಸಿದರು, ಆಮೇಲೆ ಫೋನ್ ಎತ್ತಲಿಲ್ಲ. ಆಪರೇಷನ್‌ಗೆ ಅವ್ವನ ಬಳೆ ಹೋದವು. ಇವತ್ತಿಗೂ ನಾನು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ. ಅದಕ್ಕೇ ಹೇಳುತ್ತಿದ್ದೇನೆ ಅಕ್ಕ, ಪಂದ್ಯಕ್ಕೆ ಎಷ್ಟು ಕೊಡುತ್ತೀರಿ ಅಂತ ಆಮೇಲೆ ಕೇಳು. ಮೊದಲು ಇನ್ಶೂರೆನ್ಸ್ ಕಾಗದ ಕೇಳು, ಪೆಟ್ಟಾದರೆ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ, ಅವನು ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿ ಯಾರು ಕೊಡುತ್ತಾರೆ, ಬರವಣಿಗೆಯಲ್ಲಿ ಬೇಕು, ಬಾಯಿಮಾತು ಬೇಡ. ತಲೆಗೆ ಪೆಟ್ಟು ಬಿದ್ದರಂತೂ, ದೊಡ್ಡ ಡಾಕ್ಟರ್ ವ್ಯವಸ್ಥೆ ಇಲ್ಲದ ಕಡೆ 21 ದಿನ ಪಂದ್ಯವೇ ಬೇಡ ಅಂತ ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯೇ ಹೇಳಿದೆ. ಕೋಚ್‌ಗೆ ಅದು ಗೊತ್ತಿದೆಯಾ ನೋಡು.

ಮತ್ತೆ ಆಡುವುದು ಎಲ್ಲಿ? ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ಬೂಟನ್ನೇ ಕಿತ್ತುಕೊಳ್ಳುತ್ತದೆ, ಏಪ್ರಿಲ್‌ನಲ್ಲಿ ಕೈ ಹೋಗುವಷ್ಟು ಬಿರುಕು. ಹುಲ್ಲಿಲ್ಲದ ಆ ನೆಲದ ಮೇಲೆ ಟ್ಯಾಕಲ್ ಮಾಡಿ ಕೆಡವಿದರೆ ಕಲ್ಲಿನ ಮೇಲೆ ಬಿದ್ದ ಹಾಗೆ.

ಕಾಕಾ, ಗದಗ: ಇದು ಸರಿ. ಕಾಗದ ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಕೆಲಸ ಬಿಡಲಿ ಅಂದರೆ ನಾನೇ ಬರುತ್ತೇನೆ ಅಲ್ಲಿಗೆ.

ಹುಡುಗ: ಎಲ್ಲ ಓದಿದೆ. ಕೆಲಸ ಬಿಡಲ್ಲ, ಮೂರೂ ದಿನ ಫಸ್ಟ್ ಶಿಫ್ಟ್ ಕೇಳಿದ್ದೇನೆ. ಇನ್ಶೂರೆನ್ಸ್ ಬಗ್ಗೆ ಈಗ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಮಾಡಿಸುತ್ತೇವೆ ಅಂದರು, ಇನ್ನೂ ಮಾಡಿಸಿಲ್ಲ. ಕೈಗೆ ಬರುವ ತನಕ ಸಹಿ ಹಾಕಲ್ಲ ಅಂದೆ. ಮಾಮಾ, ನನಗೆ ಈ ಆಟ ನಿಜವಾಗಿ ಇಷ್ಟ. ಚೆಂಡು ಹಿಂದಕ್ಕೇ ಪಾಸ್ ಮಾಡಬೇಕು, ಹಿಂದೆ ನಮ್ಮವನು ಓಡಿ ಬರುತ್ತಿರುತ್ತಾನೆ ಅನ್ನೋ ನಂಬಿಕೆ ಮೇಲೆ. ಒಂದು ಸಲ ಬಂದು ನೋಡು.

ಮಾಮಾ, ಹುಬ್ಬಳ್ಳಿ: ನಾಳೆ ಸಂಜೆ ಆರಕ್ಕೆ ಬರುತ್ತೇನೆ. ಮೊದಲು ನೆಲ ನೋಡಬೇಕು.