ಮಾಸ್ಟರಿಂಗ್‌ಗೆ ಕಳಿಸುವಾಗ ಲಿಮಿಟರ್ ತೆಗೆಯಬೇಕಾ, ಇಡಬೇಕಾ?

ಶ್ರುತಿಪೆಟ್ಟಿಗೆ: ಮನೆಯಲ್ಲೇ ಒಂದು ಭಾವಗೀತೆ ರೆಕಾರ್ಡ್ ಮಾಡಿದ್ದೇವೆ. ಹಾಡು, ಕೊಳಲು, ತಬಲಾ, ಹಿಂದೆ ತಂಬೂರಿ, ಅಷ್ಟೇ. ಮಿಕ್ಸ್ ನಾನೇ ಮಾಡಿದೆ. ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮೊದಲಿನ ಕೊನೆಯ ಹದಕ್ಕೆ) ಕಳಿಸಿದರೆ ಅವರು "ಮಾಸ್ಟರ್ ಚಾನೆಲ್ ಮೇಲಿರುವ ಲಿಮಿಟರ್ ತೆಗೆದು ಮತ್ತೆ ಕಳಿಸಿ, ಪೀಕ್ ಮೈನಸ್ 6 ಡಿಬಿ ದಾಟದಿರಲಿ" ಅಂದಿದ್ದಾರೆ. ಮಾಸ್ಟರ್ ಚಾನೆಲ್ ಅಂದರೆ ಎಲ್ಲ ಸದ್ದೂ ಸೇರಿ ಹೊರಬರುವ ಕಡೆ, ಪೀಕ್ ಅಂದರೆ ಸದ್ದಿನ ಅತಿ ಜೋರಿನ ತುದಿ, ಲಿಮಿಟರ್ ಆ ತುದಿ ಮಿತಿ ದಾಟದಂತೆ ತಡೆದು ಹಾಡನ್ನು ಜೋರಾಗಿಸುತ್ತದೆ. ಅದನ್ನು ತೆಗೆದರೆ ಹಾಡು ಪೇಲವ ಆಗುತ್ತದೆ. ಎರಡು ವಾರ ಅದನ್ನು ಹಾಕಿಕೊಂಡೇ ಬ್ಯಾಲೆನ್ಸ್ ಮಾಡಿದ್ದು. ನಾನು ಕೇಳಿದ ಹಾಡೇ ಅವರಿಗೂ ಸಿಗಬೇಕಲ್ವಾ?

ಕಪ್ಪು ಎರಡು: ತೆಗೆಯಲೇಬೇಕು. ತಬಲಾದ ಪ್ರತಿ ಪೆಟ್ಟಿನ ತುದಿಯನ್ನು ಲಿಮಿಟರ್ ಒತ್ತಿ ಕೂರಿಸಿರುತ್ತದೆ. ಆ ತುದಿಯನ್ನು ಮತ್ತೆ ಮೊದಲಿನಂತೆ ಎಬ್ಬಿಸುವುದು ಮಾಸ್ಟರಿಂಗ್ ಮಾಡುವವರಿಂದ ಆಗಲ್ಲ. ಕಂಪ್ರೆಸರ್ (ಜೋರು-ಮೆಲುವಿನ ಅಂತರ ಕುಗ್ಗಿಸುವುದು), ಇಕ್ಯೂ (ಮಂದ್ರ-ತಾರದ ಪ್ರಮಾಣ ಹೊಂದಿಸುವುದು), ಮಾಸ್ಟರ್ ಮೇಲಿರುವ ಎಲ್ಲವನ್ನೂ ತೆಗೆದುಬಿಡಿ. ಎಲ್ಲ ಪ್ಲಾಟ್‌ಫಾರ್ಮ್‌ಗೂ ಮೈನಸ್ 14 ಲಫ್ಸ್ (ಹಾಡಿನ ಒಟ್ಟಾರೆ ಜೋರಿನ ಅಳತೆ) ಬೇಕು, ಮಿಕ್ಸ್‌ನಲ್ಲೇ ಅದರ ಹತ್ತಿರಕ್ಕೆ ತಂದಿಟ್ಟರೆ ಒಳ್ಳೆಯದು.

ಹಳೇ ಕ್ಯಾಸೆಟ್: ಎಲ್ಲವನ್ನೂ ಅನ್ನುವುದನ್ನು ನಾನು ಒಪ್ಪಲ್ಲ. ಮೊದಲ ದಿನದಿಂದ ಒಂದು ಕಂಪ್ರೆಸರ್ ಹಾಕಿ, ಅದು ಒಂದೆರಡು ಡಿಬಿ ಹಿಡಿದಿಡುತ್ತಿರುವಾಗಲೇ ಕೊಳಲು, ಕಂಠ ಎರಡನ್ನೂ ಹೊಂದಿಸಿದ್ದರೆ ಅದು ಆ ಹಾಡಿನ ಭಾಗ. ಕಿತ್ತರೆ ನಿಮ್ಮ ಬ್ಯಾಲೆನ್ಸೇ ಹೋಗುತ್ತದೆ. ಸುಮ್ನೆ ಜೋರಾಗಿ ಕೇಳಲಿ ಅಂತ ಹಾಕಿದ ಲಿಮಿಟರ್ ಮಾತ್ರ ತೆಗೆಯಿರಿ. ಲಿಮಿಟರ್ ಇರುವ ಕಾಪಿಯನ್ನೂ ಜೊತೆಗೆ ಕಳಿಸಿ, ಹೆಸರಿನಲ್ಲೇ 'ಕೇಳಲು ಮಾತ್ರ' ಅಂತ ಬರೆಯಿರಿ. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ಅವರಿಗೆ ಅದರಿಂದ ಗೊತ್ತಾಗುತ್ತದೆ.

ಮದ್ದಳೆ: ಲಫ್ಸ್ ವಿಷಯ ಈಗ ಬೇಡವೇ ಬೇಡ. ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14ರ ಸುಮಾರಿಗೆ ಹೊಂದಿಸಿ ನುಡಿಸುತ್ತದೆ, ಆಪಲ್ ಮ್ಯೂಸಿಕ್‌ನ ಸೌಂಡ್ ಚೆಕ್ ಮೈನಸ್ 16ಕ್ಕೆ. ಅದು ಮಾಸ್ಟರ್ ಆದ ಮೇಲಿನ ಲೆಕ್ಕ. ಮಿಕ್ಸ್ ಎಷ್ಟು ಜೋರಿದೆ ಅನ್ನುವುದು ಇಲ್ಲಿ ಮುಖ್ಯ ಅಲ್ಲ.

ಇನ್ನು ಮೈನಸ್ 6. ಅದೇನೂ ವೇದವಾಕ್ಯ ಅಲ್ಲ. 24 ಬಿಟ್ ಫೈಲ್‌ನಲ್ಲಿ ಲೆಕ್ಕದ ಪ್ರಕಾರ ಅತಿ ಮೆಲುವಿನಿಂದ ಅತಿ ಜೋರಿನವರೆಗೆ ಸುಮಾರು 144 ಡಿಬಿ ಜಾಗ ಇರುತ್ತದೆ, 16 ಬಿಟ್‌ನಲ್ಲಿ 96. ಹಾಗಾಗಿ ಪೀಕ್ ಮೈನಸ್ 3ರಲ್ಲಿದ್ದರೂ ಮೈನಸ್ 8ರಲ್ಲಿದ್ದರೂ ಕಳೆದುಕೊಳ್ಳುವುದು ಏನೂ ಇಲ್ಲ, ಎಲ್ಲೂ ಕ್ಲಿಪ್ ಆಗಿರಬಾರದು (ಸದ್ದು ಮಿತಿ ಮೀರಿ ಒಡೆದಿರಬಾರದು) ಅಷ್ಟೇ. ಆದರೂ ಅವರು ಕೇಳಿದ್ದಾರೆ ಅಂದ ಮೇಲೆ ಕೊಟ್ಟುಬಿಡಿ. ಒಂದು ಎಚ್ಚರಿಕೆ: ಗೇನ್ (ಸದ್ದಿನ ಮಟ್ಟ) ಇಳಿಸುವುದು ಕಂಪ್ರೆಸರ್ ಆದ ಮೇಲೆ. ಅದಕ್ಕಿಂತ ಮೊದಲೇ ಇಳಿಸಿದರೆ ಕಂಪ್ರೆಸರ್ ಹಿಡಿಯುವುದೇ ಕಡಿಮೆಯಾಗಿ ಹಾಡು ಬೇರೆ ಥರ ಕೇಳುತ್ತದೆ.

ಕಪ್ಪು ಎರಡು: ಲಫ್ಸ್ ಬಗ್ಗೆ ನೀವು ಹೇಳಿದ್ದು ಸರಿ, ನನ್ನ ಮಾತು ವಾಪಸ್. ಆದರೆ ಹೊಸಬರ ಮಾಸ್ಟರ್ ಚಾನೆಲ್‌ನಲ್ಲಿ ಯಾವುದು ಹಾಡಿಗಾಗಿ, ಯಾವುದು ಜೋರಿಗಾಗಿ ಅನ್ನುವುದು ಅವರಿಗೇ ಗೊತ್ತಿರಲ್ಲ. ಅದಕ್ಕೇ ಎಲ್ಲಾ ತೆಗೆದು ಒಮ್ಮೆ ಕೇಳಿ ಅನ್ನುತ್ತೇನೆ.

ಶ್ರುತಿಪೆಟ್ಟಿಗೆ: ತೆಗೆದು ಕೇಳಿದೆ. ಪೇಲವ ಅನ್ನಿಸಿದ್ದು ಬರೀ ಸದ್ದು ಕಡಿಮೆಯಾಗಿದ್ದಕ್ಕೆ. ವಾಲ್ಯೂಮ್ ಸಮ ಮಾಡಿಕೊಂಡು ಕೇಳಿದರೆ ತಬಲಾ ಎಷ್ಟು ಚೆನ್ನಾಗಿ ಬಿಚ್ಚಿಕೊಂಡಿದೆ! ಆದರೆ ಕೊನೆಯ ಚರಣದಲ್ಲಿ ತಾರಸ್ಥಾಯಿಗೆ ಹೋದಾಗ ಕಂಠ ಚುಚ್ಚುತ್ತದೆ. ಇಷ್ಟು ದಿನ ಲಿಮಿಟರ್ ಅದನ್ನು ಮುಚ್ಚಿಟ್ಟಿತ್ತು.

ಹಳೇ ಕ್ಯಾಸೆಟ್: ಅದನ್ನು ಮಿಕ್ಸ್‌ನಲ್ಲೇ ಸರಿ ಮಾಡಬೇಕು. ಆ ಸಾಲುಗಳಲ್ಲಿ ಮಾತ್ರ ಕಂಠದ ಫೇಡರ್ ಕೈಯಾರೆ ಇಳಿಸಿ ಆಟೊಮೇಶನ್ ಬರೆಯಿರಿ. ಮಾಸ್ಟರಿಂಗ್‌ಗೆ ಬಿಟ್ಟರೆ ಅವರು ಕಂಠ ಇಳಿಸಲು ಹೋಗಿ ಕೊಳಲನ್ನೂ ಮಂಕು ಮಾಡಬೇಕಾಗುತ್ತದೆ, ಅವರ ಕೈಗೆ ಸಿಗುವುದು ಎಲ್ಲ ಸೇರಿಹೋದ ಎಡ, ಬಲ ಎರಡೇ ಚಾನೆಲ್ ಅಲ್ವಾ. ಫೈಲ್ ಶುರುವಿನಲ್ಲಿ, ಕೊನೆಯಲ್ಲಿ ಎರಡೆರಡು ಸೆಕೆಂಡ್ ಜಾಸ್ತಿ ಬಿಡಿ. ತಂಬೂರಿಯ ಕೊನೆಯ ಮೀಟು ಪೂರ್ತಿ ಆರುವವರೆಗೆ ಕತ್ತರಿಸಬೇಡಿ. ಫೇಡ್ ಎಲ್ಲಿಂದ ಬೇಕು ಅಂತ ಬರೆದು ತಿಳಿಸಿ, ನೀವೇ ಹಾಕಬೇಡಿ.

ಮದ್ದಳೆ: ರೆಕಾರ್ಡ್ ಮಾಡಿದ್ದು 48 ಕಿಲೋಹರ್ಟ್ಸ್‌ನಲ್ಲಾದರೆ 48ರಲ್ಲೇ ಕಳಿಸಿ. 96 ಮಾಡಿದರೆ ಫೈಲ್ ದಪ್ಪ ಆಗುತ್ತದೆ, ಹಾಡಿಗೆ ಹೊಸದೇನೂ ಸೇರಲ್ಲ. ವೇವ್ ಫೈಲೇ ಆಗಿರಲಿ, 24 ಬಿಟ್ ಅಥವಾ 32 ಬಿಟ್ ಫ್ಲೋಟ್.

ಶ್ರುತಿಪೆಟ್ಟಿಗೆ: ತಬಲಾದವರು ಅವರ ಮನೆಯಲ್ಲಿ ನುಡಿಸಿ ಎಂಪಿ3 ಕಳಿಸಿದ್ದರು, ನಾನು ಅದನ್ನೇ ವೇವ್ ಮಾಡಿ ಹಾಕಿಕೊಂಡಿದ್ದೆ. ನಡೆಯುತ್ತಾ?

ಮದ್ದಳೆ: ಎಂಪಿ3 ಮಾಡುವಾಗ ಹೋದದ್ದು ವೇವ್ ಮಾಡಿದರೆ ವಾಪಸ್ ಬರಲ್ಲ. ಅವರ ಹತ್ತಿರ ಮೂಲ ಫೈಲ್ ಇನ್ನೂ ಇದೆಯಾ ಅಂತ ಇವತ್ತೇ ಕೇಳಿ.

ಶ್ರುತಿಪೆಟ್ಟಿಗೆ: ಇದೆಯಂತೆ! ಸಂಜೆ ಪೆನ್‌ಡ್ರೈವ್ ತೆಗೆದುಕೊಂಡು ಹೋಗುತ್ತಿದ್ದೇನೆ. ಚರಣದ ಆಟೊಮೇಶನ್ ಆ ಫೈಲ್ ಕೂರಿಸಿದ ಮೇಲೆಯೇ.