ಎಪಿನಾ, ರನ್ನಿಂಗ್ ಸ್ಟಾರ್ಟಾ? ನಮ್ಮ ಮನೆಯಲ್ಲಿ ಆದದ್ದು

ನಿಮ್ಮ ಮಗಳು ಸಿಯಾಟಲ್ ಹತ್ತಿರದ ಸ್ಕೂಲಿನಲ್ಲಿ ಹತ್ತನೇ ಗ್ರೇಡ್, ಮುಂದಿನ ವರ್ಷ ಸ್ಕೂಲಲ್ಲೇ ಎಪಿ ಓದಿಸೋದಾ ಅಥವಾ ರನ್ನಿಂಗ್ ಸ್ಟಾರ್ಟ್‌ಗೆ ಸೇರಿಸಿ ಕಮ್ಯುನಿಟಿ ಕಾಲೇಜಿಗೆ ಕಳಿಸೋದಾ ಅಂತ ಕೇಳಿದ್ದೀರಿ. ಎಪಿ ಅಂದರೆ ಸ್ಕೂಲಲ್ಲೇ ಕಲಿಸುವ ಕಾಲೇಜ್ ಮಟ್ಟದ ಕೋರ್ಸು. ರನ್ನಿಂಗ್ ಸ್ಟಾರ್ಟ್ ಅಂದರೆ ಹೈಸ್ಕೂಲಿನಲ್ಲಿದ್ದಾಗಲೇ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೋಗಿ ಓದುವುದು, ಅದು ಸ್ಕೂಲು, ಕಾಲೇಜು ಎರಡಕ್ಕೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಎರಡೂ ಆಗಿದೆ. ಮಗ ಕಾಲೇಜಿಗೆ ಹೋದ, ಮಗಳು ಸ್ಕೂಲಲ್ಲೇ ಉಳಿದಳು.

ದುಡ್ಡಿನ ವಿಷಯ ಸುಲಭ. ವಾಷಿಂಗ್ಟನ್ ರಾಜ್ಯದಲ್ಲಿ ಹನ್ನೊಂದು, ಹನ್ನೆರಡನೇ ಗ್ರೇಡಿನ ಮಕ್ಕಳಿಗೆ ರನ್ನಿಂಗ್ ಸ್ಟಾರ್ಟ್‌ನಲ್ಲಿ ಟ್ಯೂಷನ್ ಫೀ ಇಲ್ಲ. ಪುಸ್ತಕ, ಸಣ್ಣಪುಟ್ಟ ಫೀಸು, ಓಡಾಟದ ಖರ್ಚು ನಮ್ಮದು.

ನಾವು ಎಡವಿದ್ದು ವೇಗದ ವಿಷಯದಲ್ಲಿ. ಕ್ರೆಡಿಟ್ ಅಂದರೆ ಎಷ್ಟು ಓದಿ ಮುಗಿಸಿದೆ ಅನ್ನುವ ಲೆಕ್ಕ. ಕಾಲೇಜಿನ 5 ಕ್ರೆಡಿಟ್‌ನ ಒಂದು ಕೋರ್ಸ್ ಅಂದರೆ ಸ್ಕೂಲಿನ 1 ಕ್ರೆಡಿಟ್. ಸ್ಕೂಲಲ್ಲಿ ವರ್ಷವಿಡೀ ಓದುವುದನ್ನು ಇಲ್ಲಿ ಸುಮಾರು 11 ವಾರದ ಒಂದು ಕ್ವಾರ್ಟರ್‌ನಲ್ಲಿ ಮುಗಿಸಬೇಕು. ಮಗ ಮೊದಲ ಕ್ವಾರ್ಟರ್‌ಗೇ ಮೂರು ಕೋರ್ಸ್ ಹಾಕಿಕೊಂಡ. ನಾವೂ ಖುಷಿಯಾಗಿ ಹೂಂ ಅಂದೆವು. ಅಕ್ಟೋಬರ್‌ನಲ್ಲಿ ಜ್ವರ ಬಂದು ಒಂದು ವಾರ ಮಲಗಿದ. ಎದ್ದು ಹೋಗುವಷ್ಟರಲ್ಲಿ ಕೆಮಿಸ್ಟ್ರಿ ಎಲ್ಲೋ ಮುಂದೆ ಹೋಗಿತ್ತು. ಕೊನೆಗೆ ಸಿ ಗ್ರೇಡ್ ಬಂತು.

ಅದು ಕಾಲೇಜಿನ ಗ್ರೇಡ್. ಅಳಿಸಿ ಹೋಗುವುದಿಲ್ಲ. ಆಮೇಲೆ ಅವನಿಗೆ ಮೆಡಿಕಲ್ ಓದುವ ಆಸೆ ಹುಟ್ಟಿತು. ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ತೆಗೆದುಕೊಂಡ ಕಾಲೇಜ್ ಕೋರ್ಸುಗಳ ಗ್ರೇಡನ್ನೂ ಕೊಡಲೇಬೇಕು. ಹದಿನಾರು ವರ್ಷಕ್ಕೆ ಬಂದ ಆ ಸಿ ಅಲ್ಲಿಗೂ ಹೋಯಿತು. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇನ್ನೊಂದು. ಕಾಲೇಜಿಗೆ ಸೇರಿದ ಮೇಲೆ ಅಲ್ಲಿನ ದಾಖಲೆಗಳ ಹಕ್ಕು, ವಯಸ್ಸು ಎಷ್ಟೇ ಇರಲಿ, ಮಕ್ಕಳದ್ದೇ. ನಾನು ಫೋನ್ ಮಾಡಿ ಕೇಳಿದಾಗ, ಅವನ ಒಪ್ಪಿಗೆ ಇಲ್ಲದೆ ಏನೂ ಹೇಳುವುದಿಲ್ಲ ಅಂದರು. ಆಗ ಸಂಕಟವಾಯಿತು. ಆದರೆ ಅವನೇ ಪ್ರೊಫೆಸರ್ ಹತ್ತಿರ ಹೋಗಿ ಕೇಳುವುದನ್ನು ಕಲಿತ. ಮುಂದಿನ ಕ್ವಾರ್ಟರ್‌ನಲ್ಲಿ ಎರಡೇ ಕೋರ್ಸ್ ಇಟ್ಟುಕೊಂಡು ಚೆನ್ನಾಗಿ ಮಾಡಿದ. ಆ ಧೈರ್ಯ ಇವತ್ತಿಗೂ ಅವನ ಜೊತೆಗಿದೆ.

ಮಗಳದ್ದು ಬೇರೆ ಸ್ವಭಾವ. ಅವಳಿಗೆ ಆರ್ಕೆಸ್ಟ್ರಾ ಬೇಕು, ಗೆಳತಿಯರು ಬೇಕು. ಎಪಿ ಅವಳಿಗೆ ಸರಿಹೋಯಿತು. ವರ್ಷವಿಡೀ ನಿಧಾನವಾಗಿ ಪಾಠ, ಮೇ ತಿಂಗಳಲ್ಲಿ ಒಂದು ಪರೀಕ್ಷೆ, 1ರಿಂದ 5ರವರೆಗೆ ಸ್ಕೋರ್. ಈ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ 3 ಬಂದರೂ ಕ್ರೆಡಿಟ್ ಸಿಗುತ್ತದೆ. ಹೊರಗಿನ ಕಾಲೇಜುಗಳದ್ದು ಒಂದೊಂದು ಲೆಕ್ಕ. ಎಂಐಟಿ, ಕ್ಯಾಲ್ಕುಲಸ್ ಬಿಸಿ ಅನ್ನುವ ಎಪಿ ಪರೀಕ್ಷೆಯಲ್ಲಿ 5 ಬಂದರೆ ಮಾತ್ರ ಮೊದಲ ಕ್ಯಾಲ್ಕುಲಸ್ ಕೋರ್ಸಿಗೆ ಕ್ರೆಡಿಟ್ ಕೊಡುತ್ತದೆ. ಕ್ಯಾಲ್ಟೆಕ್ ಎಪಿಗೆ ಕ್ರೆಡಿಟ್ಟೇ ಕೊಡುವುದಿಲ್ಲ.

ನಮ್ಮ ಪರಿಚಯದವರ ಮಗಳು ರನ್ನಿಂಗ್ ಸ್ಟಾರ್ಟ್‌ನಲ್ಲೇ 90 ಕ್ರೆಡಿಟ್ ಮುಗಿಸಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಪಡೆದಳು. ಇಲ್ಲೇ ಸರ್ಕಾರಿ ಯೂನಿವರ್ಸಿಟಿಗೆ ಸೇರಿ ಎರಡು ವರ್ಷ ಉಳಿಸಿದಳು. ಇನ್ನೊಬ್ಬರ ಮಗ ಬೇರೆ ರಾಜ್ಯದ ಖಾಸಗಿ ಕಾಲೇಜಿಗೆ ಹೋದ, ಅವನ ಅರ್ಧಕ್ಕರ್ಧ ಕ್ರೆಡಿಟ್ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ ನಿಮ್ಮ ಮಗಳಿಗೆ ಇಷ್ಟವಾದ ನಾಲ್ಕೈದು ಕಾಲೇಜುಗಳ ನಿಯಮ ಈಗಲೇ ಓದಿ. ಅಂದ ಹಾಗೆ, ಕ್ರೆಡಿಟ್ ಎಷ್ಟೇ ಇದ್ದರೂ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ಗೆ ಈ ಮಕ್ಕಳು ಫ್ರೆಶ್‌ಮನ್ (ಮೊದಲ ವರ್ಷದ ವಿದ್ಯಾರ್ಥಿ) ಆಗಿಯೇ ಅರ್ಜಿ ಹಾಕುವುದು. ಬೇರೆ ಕಾಲೇಜಿಂದ ಬಂದವರ ಲೆಕ್ಕಕ್ಕೆ ಸೇರಿಸುತ್ತಾರೆ ಅನ್ನುವ ಭಯ ಬೇಡ.

ಸ್ಕೂಲಿನ ಟೀಚರೇ ಕಾಲೇಜ್ ಕೋರ್ಸ್ ಕಲಿಸುವ ‘ಕಾಲೇಜ್ ಇನ್ ದಿ ಹೈಸ್ಕೂಲ್’ ಕೂಡ ಇದೆ. ಸರ್ಕಾರಿ ಕಾಲೇಜುಗಳ ಮೂಲಕ ನಡೆಯುವ ಈ ಕೋರ್ಸುಗಳಿಗೆ 2023ರ ಕಾನೂನಿನಿಂದ ಫೀಸಿಲ್ಲ. ಸ್ಕೂಲು ಬಿಟ್ಟು ಹೋಗಲು ಹಿಂಜರಿಯುವ ಮಕ್ಕಳಿಗೆ ಒಳ್ಳೆಯದು. ಆದರೆ ಇಲ್ಲಿ ಬಂದದ್ದೂ ಕಾಲೇಜ್ ಗ್ರೇಡೇ.

ನನ್ನನ್ನು ಕೇಳಿದರೆ, ಕಳಿಸುವುದಾದರೆ ಮೊದಲ ಕ್ವಾರ್ಟರ್‌ನಲ್ಲಿ ಒಂದೇ ಕೋರ್ಸ್ ಸಾಕು, ಅದೂ ನಿಮ್ಮ ಮಗಳಿಗೆ ಇಷ್ಟವಾದದ್ದು. ಉಳಿದದ್ದು ಸ್ಕೂಲಲ್ಲೇ ಇರಲಿ. ಅವಳು ಏನಂತಾಳೆ? ಅದನ್ನು ನೀವು ಬರೆದೇ ಇಲ್ಲ. ಮೊದಲು ಅವಳನ್ನು ಕೂರಿಸಿಕೊಂಡು ಕೇಳಿ. ಹೋಗುತ್ತೇನೆ ಅಂದರೆ, ಸೇರುವ ಫಾರಂಗೆ ಸ್ಕೂಲ್ ಕೌನ್ಸೆಲರ್ ಸಹಿ ಬೇಕು. ಬೇಸಿಗೆ ರಜೆ ಶುರುವಾದ ಮೇಲೆ ಅವರು ಸಿಗುವುದು ಕಷ್ಟ, ಅದಕ್ಕೆ ಮೊದಲೇ ಹೋಗಿ ಹಾಕಿಸಿಕೊಳ್ಳಿ.