ಗಾಳಿಯ ದಿನ ಮಳೆ ಮಾಪಕ ನಂಬಬಹುದಾ? ಬೆಳೆಗಾರರ ಗುಂಪಿನ ಪ್ರಶ್ನೋತ್ತರ

ಉತ್ತರಿಸುವವರು ಹವಾಮಾನ ವೀಕ್ಷಣಾಲಯದಲ್ಲಿ ಮಳೆ ಅಳೆಯುತ್ತಿದ್ದು ನಿವೃತ್ತರಾದವರು. ನಮ್ಮ ಕೊಡಗಿನ ಗುಂಪಿನಲ್ಲಿ ಹೆಸರಿನ ಬದಲು ಊರು ಹಾಕುತ್ತೇವೆ.

ಸುಂಟಿಕೊಪ್ಪ: ನಮಸ್ಕಾರ ಸಾರ್. ಗಾಳಿಗೆ ಮಳೆ ಓರೆಯಾಗಿ ಬೀಳುತ್ತದಲ್ಲ, ಅದಕ್ಕೇ ಮಾಪಕದಲ್ಲಿ ಕಡಿಮೆ ಬರುವುದಾ?

ವೀಕ್ಷಕರು: ನಮಸ್ಕಾರ. ಓರೆಯಾಗಿ ಬಿದ್ದರೆ ನೆಲಕ್ಕೂ ಓರೆ, ಮಾಪಕದ ಬಾಯಿಗೂ ಓರೆ. ಅದರಿಂದ ನಷ್ಟವಿಲ್ಲ. ಮಾಪಕ ಗಾಳಿಗೆ ಅಡ್ಡ ನಿಂತಿರುತ್ತದಲ್ಲ, ತೊಂದರೆ ಅಲ್ಲಿ. ಡಬ್ಬಕ್ಕೆ ಬಡಿದ ಗಾಳಿ ಮೇಲಕ್ಕೆದ್ದು ಬಾಯಿಯ ಮೇಲೆ ಜೋರಾಗಿ ಹಾಯುತ್ತದೆ, ಸಣ್ಣ ಹನಿಗಳನ್ನು ಹೊತ್ತು ಆಚೆ ಹಾಕುತ್ತದೆ. ದಪ್ಪ ಹನಿ ತನ್ನ ಭಾರಕ್ಕೆ ಒಳಗೇ ಬೀಳುತ್ತದೆ. ಹಾಗಾಗಿ ಕಾಫಿ ಹೂ ಅರಳಿಸುವ ಏಪ್ರಿಲ್‌ನ ದಪ್ಪ ಹನಿಯ ಹೂಮಳೆಯಲ್ಲಿ ವ್ಯತ್ಯಾಸ ಕಡಿಮೆ, ಕಕ್ಕಡದ (ಜುಲೈ–ಆಗಸ್ಟ್) ಸಣ್ಣ ಹನಿಯ ಜಡಿಮಳೆಯಲ್ಲಿ ಜಾಸ್ತಿ. ನೆಲದ ಹತ್ತಿರ ಸರಿಯಾಗಿ ಇಟ್ಟ ಮಾಪಕದಲ್ಲೂ ಸಾಮಾನ್ಯವಾಗಿ 2ರಿಂದ 10% ಕಡಿಮೆ ಬರುತ್ತದೆ.

ಪೊನ್ನಂಪೇಟೆ: ಬ್ಯಾಟರಿಯ ಡಿಜಿಟಲ್ ಮಾಪಕ ಗಾಳಿಗೆ ಅಲುಗಾಡಿದರೆ ಮಳೆ ಇಲ್ಲದೆಯೂ ಲೆಕ್ಕ ತೋರಿಸುತ್ತದಾ ಸಾರ್?

ಮಾದಾಪುರ: ಸಾರ್, ನಮ್ಮ ಮಾಪಕ ತಾರಸಿಯ ನೀರಿನ ಟ್ಯಾಂಕ್ ಮೇಲಿದೆ. ಇವತ್ತು ಬೆಳಿಗ್ಗೆ 3 ಇಂಚು. ಕೆಳಗಿನ ತೋಟದವರಿಗೆ 4 ಇಂಚು 50 ಸೆಂಟ್, ಅಂದರೆ ನಾಲ್ಕೂವರೆ ಇಂಚು. ನಮ್ಮ ಮನೆ ಹಿಂದೆ ಗುಡ್ಡ ಕಡಿದಿದ್ದೇವೆ. 5 ಇಂಚು ದಾಟಿದರೆ ಮನೆ ಬಿಡೋಣ ಅಂತ ಅಂದುಕೊಂಡಿದ್ದೇವೆ. ಇನ್ನೂ 3 ತಾನೇ, ಇರಬಹುದು ಅಲ್ವಾ?

ವೀಕ್ಷಕರು: ಇದನ್ನು ದಯವಿಟ್ಟು ಪೂರ್ತಿ ಓದಿ. ಟ್ಯಾಂಕ್ ಮೇಲಿನ ಅಳತೆ ನೋಡಿ ಮನೆಯಲ್ಲಿ ಉಳಿಯಬೇಡಿ.

ಎತ್ತರಕ್ಕೆ ಹೋದಷ್ಟೂ ಗಾಳಿ ಜೋರು, ಮಾಪಕಕ್ಕೆ ಬೀಳುವ ನೀರು ಕಡಿಮೆ. ಇದು ಹೊಸ ವಿಷಯ ಅಲ್ಲ. 1766–67ರಲ್ಲೇ ಲಂಡನ್‌ನಲ್ಲಿ ಹೆಬರ್ಡನ್ ಎಂಬ ವೈದ್ಯರು ಮೂರು ಕಡೆ ಮಾಪಕ ಇಟ್ಟು ಒಂದು ವರ್ಷ ಅಳೆದರು. ನೆಲದ ಹತ್ತಿರ ಸುಮಾರು 22.6 ಇಂಚು, ಮನೆಯ ಮಾಡಿನ ಮೇಲೆ 18.1, ವೆಸ್ಟ್‌ಮಿನ್‌ಸ್ಟರ್ ಅಬೆಯ ಮೇಲೆ 12.1. ಬಿದ್ದ ಮಳೆ ಒಂದೇ. ಮೇಲೆ ಸಿಕ್ಕಿದ್ದು ಹೆಚ್ಚುಕಡಿಮೆ ಅರ್ಧ.

ಕೆಳಗಿನ ತೋಟದಲ್ಲಿ ನಿಜಕ್ಕೂ ಜಾಸ್ತಿ ಸುರಿದಿರಬಹುದು, ನಮ್ಮ ಕೊಡಗಿನಲ್ಲಿ ಒಂದು ಏರು ದಾಟಿದರೆ ಮಳೆ ಬೇರೆ. ಆದರೆ ನಿಮ್ಮ 3 ಇಂಚು ಕಡಿಮೆ ಅಳತೆ ಅಂತಲೇ ಹಿಡಿಯಿರಿ. ಮತ್ತೆ, ಗುಡ್ಡ ಒಂದು ದಿನದ ಇಂಚು ನೋಡಿ ಜಾರುವುದಿಲ್ಲ. ವಾರಗಟ್ಟಲೆ ನೀರು ಕುಡಿದ ಮಣ್ಣಿಗೆ ಕಡಿಮೆ ಮಳೆಯೂ ಸಾಕು. 2018ರ ಆಗಸ್ಟ್‌ನ ಗುಡ್ಡ ಕುಸಿತವನ್ನು ನಿಮ್ಮ ಕಡೆಯವರಿಗೆ ನಾನು ನೆನಪಿಸಬೇಕಾಗಿಲ್ಲ. ಕಡಿದ ಗುಡ್ಡದ ಮೇಲುಭಾಗದಲ್ಲಿ ಬಿರುಕು ಇದೆಯಾ? ಎಲ್ಲೂ ಇಲ್ಲದ ಒರತೆ ಹೊಸದಾಗಿ ಎದ್ದಿದೆಯಾ, ನೀರು ಕೆಂಪಾಗಿದೆಯಾ? ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯಾ? ಗುಡ್ಡದ ಕೆಳಗೆ ನಿಲ್ಲದೆ, ದೂರದಿಂದ ನೋಡಿ ಹೇಳಿ.

ಕುಶಾಲನಗರ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ: “ಗಾಳಿಯ ದಿನ ಮಾಪಕವನ್ನು ಗಾಳಿ ಬರುವ ಕಡೆಗೆ ವಾಲಿಸಿ. ಬಂದ ಅಳತೆಗೆ 25% ಸೇರಿಸಿ. ನಿಖರ ಮಳೆ ಸಿಗುತ್ತದೆ.”

ವೀಕ್ಷಕರು: ವಾಲಿಸಬೇಡಿ. ಬಾಯಿ ಮಟ್ಟವಾಗಿರಬೇಕು. ಹನಿಯ ಗಾತ್ರ, ಗಾಳಿಯ ವೇಗ ದಿನಕ್ಕೊಂದು. ಎಲ್ಲಾ ದಿನಕ್ಕೂ 25% ಎಲ್ಲಿಂದ ಬಂತು? ಓದದೆ ಕಳಿಸಬೇಡಿ.

ಭಾಗಮಂಡಲ: ನಮ್ಮಲ್ಲಿ ನಿನ್ನೆ 6 ಇಂಚು 40 ಸೆಂಟ್.

ಶಾಂತಳ್ಳಿ: ನಮ್ಮಲ್ಲಿ 7 ದಾಟಿದೆ ಅಣ್ಣಾ. ಪೇಂಟ್ ಬಕೆಟ್‌ಗೆ ಸ್ಕೇಲ್ ಇಟ್ಟು ನೋಡಿದ್ದು.

ಭಾಗಮಂಡಲ: ಬಕೆಟ್ ಲೆಕ್ಕ ಲೆಕ್ಕವೇ ಅಲ್ಲ. ಬಾಯಿ ಅಗಲ, ತಳ ಕಿರಿದು. ಜಾಸ್ತಿ ತೋರಿಸುತ್ತದೆ.

ಶಾಂತಳ್ಳಿ: ನಿಮ್ಮ ಮಾಪಕ ಮರದಡಿ ಇರುವುದು ನನಗೆ ಗೊತ್ತಿಲ್ವಾ? ಸಿಲ್ವರ್ ಓಕ್ ಎಲೆ ತುಂಬಿ ನೀರು ಹೊರಗೆ ಚೆಲ್ಲುತ್ತಿರುತ್ತದೆ.

ಭಾಗಮಂಡಲ: ನನ್ನ ತೋಟಕ್ಕೆ ಬಂದು ನೋಡಿ ಮಾತಾಡಿ.

ಸೋಮವಾರಪೇಟೆ: ಇಬ್ಬರೂ ಮಿ.ಮೀ.ನಲ್ಲಿ ಹೇಳಿ. ಇನ್ನೂ ಸೆಂಟ್ ಯಾಕೆ?

ಭಾಗಮಂಡಲ: ನಮ್ಮ ತಾತನ ಕಾಲದ ಮಳೆ ಪುಸ್ತಕ ಇಡೀ ಇಂಚು, ಸೆಂಟ್‌ನಲ್ಲಿದೆ. ಬದಲಾಯಿಸುವುದಿಲ್ಲ.

ವೀಕ್ಷಕರು: 1 ಇಂಚು 25.4 ಮಿ.ಮೀ. ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು. ಯಾವುದರಲ್ಲಾದರೂ ಬರೆಯಿರಿ. ಬಕೆಟ್ ವಿಷಯದಲ್ಲಿ ಭಾಗಮಂಡಲದವರು ಹೇಳಿದ್ದು ಸರಿ. ಎಲೆ ವಿಷಯದಲ್ಲಿ ಶಾಂತಳ್ಳಿಯವರು ಹೇಳಿದ್ದೂ ಸರಿ.

ನಾಪೋಕ್ಲು: ಹಾಗಾದರೆ ಮಾಪಕ ಎಲ್ಲಿಡಬೇಕು ಸಾರ್? ತೋಟದಲ್ಲಿ ಎಲ್ಲಿ ನೋಡಿದರೂ ಮರ.

ವೀಕ್ಷಕರು: ಕಾಫಿ ಕಣದ ಅಂಚಿನ ಹುಲ್ಲಿನಲ್ಲಿ. ಸಿಮೆಂಟ್ ಮೇಲೆ ಬೇಡ, ಹನಿ ಸಿಡಿದು ಒಳಗೆ ಬೀಳುತ್ತದೆ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ. ಬೆಳಿಗ್ಗೆ 8:30ಕ್ಕೆ ನೋಡಿ.

ವಿರಾಜಪೇಟೆ: ಮಾಪಕ ತಾರಸಿಯಲ್ಲಿಟ್ಟರೆ ಮರದ ಅಡ್ಡಿ ಇರುವುದಿಲ್ಲ, ಒಳ್ಳೆಯದಲ್ವಾ?

ವೀಕ್ಷಕರು: ಅಲ್ಲ. ಮೇಲೆ ಮಾದಾಪುರದವರಿಗೆ ಬರೆದದ್ದು ಓದಿ.

ಸಿದ್ದಾಪುರ: ತಾರಸಿಯಲ್ಲಿಡಬಹುದಾ ಸಾರ್?

ವೀಕ್ಷಕರು: ಮೇಲೆ ಓದಿ.

ಕುಶಾಲನಗರ: ಇನ್ನೊಂದು ಬಂದಿದೆ: “ಮಾಪಕದ ಸುತ್ತ ತಗಡು ಕಟ್ಟಿದರೆ ಗಾಳಿ ತಾಗುವುದಿಲ್ಲ…”

ವೀಕ್ಷಕರು: ಒತ್ತಾಗಿ ತಗಡು ಕಟ್ಟಿದರೆ ಹೊಸ ಸುಳಿ ಏಳುತ್ತದೆ, ತಗಡಿನ ನೀರೂ ಒಳಗೆ ಸಿಡಿಯುತ್ತದೆ. ಗಾಳಿ ತಡೆಯಲು ಬೇಲಿಯಂತೆ ಪಟ್ಟಿಗಳ ನಡುವೆ ಸಂದು ಬಿಟ್ಟು ಮಾಡುವ ಕವಚವೇ ಬೇರೆ ಇದೆ. ಒಂದು ಮನೆಯವರು ಗುಡ್ಡದ ಕೆಳಗೆ ಕೂತು ಈ ಅಳತೆ ನಂಬಿಕೊಂಡಿದ್ದಾರೆ. ಇಂಥದ್ದು ಇನ್ನೊಂದು ಹಾಕಿದರೆ ನಾನು ಇಲ್ಲಿ ಉತ್ತರ ಕೊಡುವುದಿಲ್ಲ.

ಕುಶಾಲನಗರ: ಒಳ್ಳೆಯದಾಗಲಿ ಅಂತ ಹಾಕಿದ್ದು. ಇಷ್ಟು ಗದರಬೇಕಾ?

ಸೋಮವಾರಪೇಟೆ: ಗದರಿದ್ದು ಸರಿಯಾಗಿಯೇ ಇದೆ. ಸುಮ್ನಿರಿ.

ಪೊನ್ನಂಪೇಟೆ: ನನ್ನ ಡಿಜಿಟಲ್ ಮಾಪಕದ ಪ್ರಶ್ನೆ ಸಾರ್?

ವೀಕ್ಷಕರು: ಮಾದಾಪುರದವರೇ, ನೋಡಿದಿರಾ?

ಮಾದಾಪುರ: ನೋಡಿದೆ ಸಾರ್. ಗುಡ್ಡದ ಮೇಲೆ ಕೈ ಬೆರಳು ಹೋಗುವಷ್ಟು ಬಿರುಕಿದೆ, ಹತ್ತು ಹೆಜ್ಜೆ ಉದ್ದ. ಬಚ್ಚಲು ಮನೆ ಹಿಂದೆ ಕೆಂಪು ನೀರು ಬರುತ್ತಿದೆ. ನಿನ್ನೆ ಇರಲಿಲ್ಲ.

ವೀಕ್ಷಕರು: ಈಗಲೇ ಹೊರಡಿ. ಬೆಳಕಿರುವಾಗಲೇ. ಹಸುಗಳ ಹಗ್ಗ ಬಿಚ್ಚಿ ಬಿಡಿ. 112ಕ್ಕೆ ಫೋನ್ ಮಾಡಿ, ಪಂಚಾಯಿತಿಯವರಿಗೂ ಹೇಳಿ. ಕೆಳಗಿನ ತೋಟದವರಿಗೂ ತಿಳಿಸಿ, ಮಣ್ಣು ಇಳಿದರೆ ಅವರ ಕಡೆಗೇ ಬರುತ್ತದೆ.

ಮಾದಾಪುರ: ಅಮ್ಮನನ್ನು ಜೀಪಿಗೆ ಹತ್ತಿಸಿದೆ ಸಾರ್. ಕೆಳಗಿನವರೂ ಹೊರಟಿದ್ದಾರೆ. ತಂಗಿ ಮನೆಗೆ ಹೋಗುತ್ತೇವೆ.

ವೀಕ್ಷಕರು: ತಲುಪಿದ ಕೂಡಲೇ ಇಲ್ಲೇ ಬರೆಯಿರಿ. ಉಳಿದವರು ಅಲ್ಲಿಯವರೆಗೆ ಬೇರೇನೂ ಹಾಕಬೇಡಿ.